ಲ್ಯಾಪ್‌ಟಾಪಿನ ಕೆಟ್ಟ ಹಾರ್ಡ್‌ಡಿಸ್ಕ್ ಬದಲಿಸಿದ ಮೇಲೆ: ಕ್ಲೋನ್, ಹೊಸ ವಿಂಡೋಸ್, ಕಂಪನಿಯ ರಿಕವರಿ, ಲಿನಕ್ಸ್ - ಯಾವುದು ಯಾರಿಗೆ?

ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಬಿಚ್ಚಿ ಹೊಸದನ್ನು ಕೂರಿಸುವುದು ಅರ್ಧ ಗಂಟೆಯ ಕೆಲಸ. ಕೂರಿಸಿದ ಖಾಲಿ ಡಿಸ್ಕಿಗೆ ಏನನ್ನು, ಹೇಗೆ ಹಾಕಬೇಕು ಎಂಬಲ್ಲಿ ಜನ ಎಡವುತ್ತಾರೆ. ದಾರಿ ನಾಲ್ಕಿವೆ. ಹಳೇ ಡಿಸ್ಕಿನಲ್ಲಿರುವುದನ್ನೆಲ್ಲ ಹಾಗೇ ಹೊಸದಕ್ಕೆ ಇಳಿಸುವ ಕ್ಲೋನ್, ಮೈಕ್ರೋಸಾಫ್ಟ್‌ನಿಂದ ಇಳಿಸಿಕೊಂಡ ವಿಂಡೋಸನ್ನು ಹೊಸದಾಗಿ ಹಾಕುವುದು, ಲ್ಯಾಪ್‌ಟಾಪ್ ಕಂಪನಿ ಕೊಡುವ ರಿಕವರಿ ಪೆನ್‌ಡ್ರೈವ್, ಮತ್ತು ವಿಂಡೋಸಿನ ಬದಲಿಗೆ ಹಾಕಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್.

ನಮ್ಮ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇವೆ. ಡಿಸ್ಕ್ ಆರೋಗ್ಯವಾಗಿದ್ದು ನಿಧಾನ ಎಂಬ ಒಂದೇ ಕಾರಣಕ್ಕೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸುವವರು ಕ್ಲೋನ್ ಮಾಡಿ. ಡಿಸ್ಕ್ ನಿಜವಾಗಿಯೂ ಸಾಯುತ್ತಿದ್ದರೆ ಕ್ಲೋನಿನ ಆಸೆ ಬಿಡಿ: ಬೇಕಾದ ಫೈಲುಗಳನ್ನು ಒಂದು ಸಲ ಈಚೆ ತೆಗೆದುಕೊಂಡು, ವಿಂಡೋಸನ್ನು ಹೊಸದಾಗಿ ಹಾಕಿ. ಇಂಟೆಲ್ 7ನೇ ತಲೆಮಾರು ಅಥವಾ ಅದಕ್ಕೂ ಹಳೆಯ ಯಂತ್ರವಾದರೆ ಲಿನಕ್ಸನ್ನು ಗಂಭೀರವಾಗಿ ಯೋಚಿಸಿ. ಕಂಪನಿಯ ರಿಕವರಿ ಕೆಲವೇ ಸಂದರ್ಭಗಳಿಗೆ ಸರಿ. ಯಾಕೆ ಎಂಬುದು ಮುಂದೆ ಇದೆ.

ಮೊದಲು ಡಿಸ್ಕಿನ ನಾಡಿ ಹಿಡಿದು ನೋಡಿ

ವಿಂಡೋಸ್ ಇನ್ನೂ ತೆರೆದುಕೊಳ್ಳುತ್ತಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ 'ಸ್ಮಾರ್ಟ್' ಲೆಕ್ಕಗಳನ್ನು ಅದು ತೋರಿಸುತ್ತದೆ. ಮೂರು ಸಾಲುಗಳನ್ನು ನೋಡಿದರೆ ಸಾಕು. 05 ಎಂಬ ಸಾಲು ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರುಗಳ (ಡೇಟಾ ಕೂರುವ ಪುಟ್ಟ ಪುಟ್ಟ ತುಣುಕುಗಳ) ಸಂಖ್ಯೆ. ಸಿ5 ಎಂದರೆ ಓದಲಾಗದೆ ಬಾಕಿ ನಿಂತಿರುವವು. ಸಿ6 ಎಂದರೆ ಡಿಸ್ಕ್ ತಾನೇ ಪರೀಕ್ಷೆ ಮಾಡಿಕೊಂಡಾಗಲೂ ಸರಿಪಡಿಸಲಾಗದವು. ಈ ತಂತ್ರಾಂಶ ಅಂಕಿಗಳನ್ನು ಮೊದಲಿಗೆ ಹೆಕ್ಸಾಡೆಸಿಮಲ್‌ನಲ್ಲಿ ತೋರಿಸುತ್ತದೆ. ಫಂಕ್ಷನ್ ಮೆನುವಿನ ಅಡ್ವಾನ್ಸ್‌ಡ್ ಫೀಚರ್ ಒಳಗಿನ ರಾ ವ್ಯಾಲ್ಯೂಸ್‌ನಲ್ಲಿ ದಶಮಾಂಶಕ್ಕೆ ಬದಲಿಸಿಕೊಳ್ಳಿ, ಇಲ್ಲವಾದರೆ 10 ಕಂಡಲ್ಲಿ ನಿಜಕ್ಕೂ 16 ಇರುತ್ತದೆ.

05ರಲ್ಲಿ ನಾಲ್ಕೈದು ಇದ್ದು ವಾರಗಟ್ಟಲೆ ಹಾಗೇ ನಿಂತಿದ್ದರೆ ಗಾಬರಿ ಬೇಡ. ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಹೊರಟು ನಿಂತಿದೆ ಎಂದೇ ಅರ್ಥ. ಸಿ5 ಸೊನ್ನೆಯಲ್ಲದಿದ್ದರೆ ಆ ಡಿಸ್ಕಿನಲ್ಲಿ ಈಗಲೇ ಓದಲಾಗದ ಜಾಗಗಳಿವೆ, ಕ್ಲೋನ್ ಅಲ್ಲಿಗೆ ಬಂದು ನಿಲ್ಲುತ್ತದೆ. ಸಿ7 ಎಂಬ ಸಾಲು ಮಾತ್ರ ಏರಿದ್ದರೆ ತಪ್ಪು ಬಹುತೇಕ ಡಿಸ್ಕಿನದಲ್ಲ, ಕನೆಕ್ಟರ್ ಅಥವಾ ರಿಬ್ಬನ್ ಕೇಬಲಿನದು. ಕೇಬಲ್ ಬಿಚ್ಚಿ ಮತ್ತೆ ಒತ್ತಿ ಕೂರಿಸಿ ನೋಡಿ, ಡಿಸ್ಕಿನ ಖರ್ಚೇ ಉಳಿಯಬಹುದು.

ಒಳಗಿನಿಂದ ಒಂದೇ ತಾಳದಲ್ಲಿ ಟಕ್ ಟಕ್ ಸದ್ದು ಬರುತ್ತಿದ್ದರೆ ಲೆಕ್ಕ ನೋಡುವ ಗೋಜಿಗೂ ಹೋಗಬೇಡಿ, ಆಫ್ ಮಾಡಿ. ಓದುವ ಹೆಡ್ ಜಾಗ ಸಿಗದೆ ಹಿಂದೆಮುಂದೆ ಹೊಡೆದಾಡುತ್ತಿದೆ, ಪ್ರತಿ ನಿಮಿಷವೂ ತಟ್ಟೆಯ ಮೇಲ್ಮೈ ಗೀಚಿಹೋಗುವ ಅಪಾಯವಿದೆ. ಅದರೊಳಗೆ ಬೆಲೆಕಟ್ಟಲಾಗದ ಫೋಟೋಗಳಿದ್ದರೆ ಡೇಟಾ ರಿಕವರಿ ಮಾಡುವವರ ಕೈಗೆ ಕೊಡುವುದೊಂದೇ ದಾರಿ. ಫ್ರಿಜ್ಜಿನಲ್ಲಿಡುವುದು, ಮೇಲೆ ತಟ್ಟುವುದು, ಮುಚ್ಚಳ ತೆಗೆಯುವುದು - ಇವು ಉಳಿದಿದ್ದನ್ನೂ ಕಳೆಯುತ್ತವೆ.

ಇನ್ನೊಂದು ಮಾತು. ವಿಂಡೋಸ್ 'ಡಿಸ್ಕ್ ರಿಪೇರಿ ಮಾಡಲೇ' ಎಂದು ಕೇಳಿದಾಗ ಒಪ್ಪಬೇಡಿ. ಚೆಕ್‌ಡಿಸ್ಕ್ ಕೆಟ್ಟ ಸೆಕ್ಟರುಗಳನ್ನು ಹುಡುಕುತ್ತ ಇಡೀ ಡಿಸ್ಕನ್ನು ಗಂಟೆಗಟ್ಟಲೆ ಉಜ್ಜುತ್ತದೆ, ಜೊತೆಗೆ ಫೈಲ್ ಪಟ್ಟಿಯನ್ನೂ ತಿದ್ದುತ್ತದೆ. ಅದು ಒಳ್ಳೆಯ ಡಿಸ್ಕಿಗೆ ಮಾಡುವ ಉಪಚಾರ. ಸಾಯುತ್ತಿರುವ ಡಿಸ್ಕಿನಿಂದ ಮೊದಲು ನಕಲು ತೆಗೆಯಬೇಕು, ರಿಪೇರಿ ಏನಿದ್ದರೂ ಆ ನಕಲಿನ ಮೇಲೆ.

ಫೈಲುಗಳನ್ನು ಈಚೆ ತರುವುದು

ಯಾವ ದಾರಿ ಹಿಡಿದರೂ ಈ ಹಂತ ತಪ್ಪಿದ್ದಲ್ಲ. ವಿಂಡೋಸ್ ಓಡುತ್ತಿರುವಾಗ ತನ್ನ ಕೆಲಸಕ್ಕೇ ಡಿಸ್ಕನ್ನು ಸಾವಿರ ಸಲ ಮುಟ್ಟುತ್ತಿರುತ್ತದೆ. ಹಾಗಾಗಿ ಲಿನಕ್ಸ್ ಮಿಂಟ್ ಅಥವಾ ಉಬುಂಟುವಿನ ಲೈವ್ ಪೆನ್‌ಡ್ರೈವಿನಿಂದ (ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡುವಂಥದ್ದು) ಲ್ಯಾಪ್‌ಟಾಪ್ ಎಬ್ಬಿಸಿ, ಅಲ್ಲಿಂದ ಹೊರಗಿನ ಡಿಸ್ಕಿಗೆ ಫೈಲ್ ನಕಲು ಮಾಡುವುದು ಮೇಲು. ಹಾಗೆ ಮಾಡುವ ಮೊದಲು ವಿಂಡೋಸನ್ನು ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಮಾಡಿ. ಸುಮ್ಮನೆ ಶಟ್‌ಡೌನ್ ಮಾಡಿದರೆ ಫಾಸ್ಟ್ ಸ್ಟಾರ್ಟಪ್ ಕಾರಣದಿಂದ ಅದು ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸ್ ಆಗ ಆ ಪಾರ್ಟಿಶನ್ (ಡಿಸ್ಕಿನ ವಿಭಾಗ) ತೆರೆಯಲು ತಕರಾರು ಮಾಡುತ್ತದೆ.

ಹಳೇ ಡಿಸ್ಕನ್ನು ಹೊರತೆಗೆದು ಸಾಟಾ-ಯುಎಸ್‌ಬಿ ಕೇಬಲಿನಲ್ಲಿ ಬೇರೆ ಕಂಪ್ಯೂಟರಿಗೆ ಹಚ್ಚುವುದೂ ಸರಿಯೇ. ಆದರೆ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, 2.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಬೇಡಬಹುದು. ಕರೆಂಟ್ ಸಾಲದಿದ್ದರೂ ಟಕ್ ಸದ್ದೇ ಬರುತ್ತದೆ! ಯುಎಸ್‌ಬಿ 3.0 ಪೋರ್ಟಿಗೆ ಹಚ್ಚಿ ನೋಡಿದ ಮೇಲಷ್ಟೇ ಡಿಸ್ಕ್ ಸತ್ತಿದೆ ಎಂದು ತೀರ್ಮಾನಿಸಿ.

ಮೊದಲು ಅತಿ ಬೇಕಾದ ಸಣ್ಣ ಫೈಲುಗಳು, ಆಮೇಲೆ ಫೋಟೋ, ಕೊನೆಗೆ ಸಿನಿಮಾದಂಥ ದೊಡ್ಡವು. ಯಾವುದಾದರೂ ಫೈಲಿನಲ್ಲಿ ಸಿಕ್ಕಿಹಾಕಿಕೊಂಡರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಕೆಟ್ಟ ಜಾಗಗಳು ಬಹಳವಿದ್ದರೆ ಕೆಟ್ಟ ಡಿಸ್ಕಿನಿಂದ ನಕಲು ತೆಗೆಯುವ ಲಿನಕ್ಸ್ ತಂತ್ರಾಂಶ ಡಿಡಿರೆಸ್ಕ್ಯೂ ಉಪಯೋಗಿಸಿ (ಉಬುಂಟು, ಮಿಂಟ್‌ನಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ). ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಿಸಿಕೊಳ್ಳುವ ಭಾಗವನ್ನೆಲ್ಲ ಬಾಚಿಕೊಂಡು, ಹಟ ಹಿಡಿದ ಸೆಕ್ಟರುಗಳನ್ನು ಎರಡನೇ ಸುತ್ತಿಗೆ ಬಿಡುವುದು ಅದರ ಜಾಣತನ. ಎಲ್ಲಿಯವರೆಗೆ ಬಂದೆ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಆ ಫೈಲನ್ನು ಮೂರನೆಯ ಡಿಸ್ಕಿನಲ್ಲಿಡಿ, ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯುತ್ತದೆ. ಆಜ್ಞೆಯಲ್ಲಿ ಮೊದಲು ಬರುವುದು ಹಳೇ ಡಿಸ್ಕ್, ಆಮೇಲೆ ಹೊಸದು. ಇದು ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಡೇಟಾದ ಮೇಲೆ ಬಂದು ಕೂರುತ್ತದೆ, ವಾಪಸ್ ಬರುವ ಮಾತಿಲ್ಲ. ಎಂಟರ್ ಒತ್ತುವ ಮೊದಲು ಎರಡೂ ಡಿಸ್ಕಿನ ಮಾಡೆಲ್ ನಂಬರ್ ಮತ್ತು ಗಾತ್ರವನ್ನು ಎರಡು ಸಲ ಹೋಲಿಸಿ.

ಜನ ಮರೆಯುವ ವಸ್ತುಗಳು ಕೆಲವಿವೆ:

- ಬಿಟ್‌ಲಾಕರ್ ಕೀ. ಬಿಟ್‌ಲಾಕರ್ ಎಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಗೂಢಲಿಪಿಯ ಬೀಗ, ಅದರ ಕೀ 48 ಅಂಕಿಗಳದ್ದು. ಲ್ಯಾಪ್‌ಟಾಪಿನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದ್ದರೆ, ಈ ಕೀ ಇಲ್ಲದೆ ಹಳೇ ಡಿಸ್ಕ್ ಬೇರೆಲ್ಲೂ ತೆರೆಯುವುದಿಲ್ಲ. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಉಳಿದಿರುತ್ತದೆ. ಕಾಗದದಲ್ಲಿ ಬರೆದಿಟ್ಟುಕೊಳ್ಳಿ.
- ಒನ್‌ಡ್ರೈವ್. ಮೋಡದ ಗುರುತಿರುವ ಫೈಲುಗಳು ಡಿಸ್ಕಿನಲ್ಲಿ ಇರುವುದೇ ಇಲ್ಲ, ಹೆಸರಷ್ಟೇ ಇರುತ್ತದೆ. ಖಾತೆಯ ಪಾಸ್‌ವರ್ಡ್ ನೆನಪಿದೆಯೇ ನೋಡಿಕೊಳ್ಳಿ.
- ನುಡಿ, ಬರಹದ ಹಳೇ ಫಾಂಟುಗಳು. ಯೂನಿಕೋಡ್‌ಗೆ ಮುಂಚಿನ ಎನ್ಕೋಡಿಂಗಿನಲ್ಲಿ ಟೈಪ್ ಮಾಡಿದ ಕಾಗದಪತ್ರಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪಂಚಾಯಿತಿ ಕಚೇರಿ, ಶಾಲೆ, ಡಿಟಿಪಿ ಅಂಗಡಿಯ ಲ್ಯಾಪ್‌ಟಾಪಾದರೆ ವಿಂಡೋಸಿನ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ.
- ಟ್ಯಾಲಿ. ಡೇಟಾ ಫೋಲ್ಡರ್ ಎಲ್ಲಿದೆ ಎಂದು ಟ್ಯಾಲಿಯೊಳಗೇ ಕಾಣುತ್ತದೆ. ತೆರೆಯಲು ಸಾಧ್ಯವಿದ್ದರೆ ಲೈಸೆನ್ಸನ್ನು ಸರೆಂಡರ್ ಮಾಡಿಯೇ ಡಿಸ್ಕ್ ತೆಗೆಯಿರಿ, ಹೊಸ ಡಿಸ್ಕಿನಲ್ಲಿ ಆಕ್ಟಿವೇಟ್ ಮಾಡುವುದು ಸಲೀಸಾಗುತ್ತದೆ.
- ಇಂಟೆಲ್ ಆಪ್ಟೇನ್ ಮೆಮರಿ. 2018, 2019ರ ಸುಮಾರಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಹಾರ್ಡ್‌ಡಿಸ್ಕಿನ ಜೊತೆ 16 ಜಿಬಿಯ ಆಪ್ಟೇನ್ ಕಾರ್ಡ್ ಜೋಡಿಯಾಗಿರುತ್ತದೆ. ಡಿಸ್ಕ್ ಬಿಚ್ಚುವ ಮೊದಲು ಇಂಟೆಲ್ ತಂತ್ರಾಂಶದಲ್ಲಿ ಆಪ್ಟೇನ್ ನಿಲ್ಲಿಸಿ. ಜೋಡಿ ಮುರಿದ ಡಿಸ್ಕ್ ಬೇರೆ ಕಂಪ್ಯೂಟರಿನಲ್ಲಿ ಸರಿಯಾಗಿ ಓದಿಸಿಕೊಳ್ಳದಿರಬಹುದು.

ಹೊಸ ಡಿಸ್ಕ್ ಕೊಳ್ಳುವಾಗ

ತಿರುಗುವ ಡಿಸ್ಕನ್ನೇ ಮತ್ತೆ ಹಾಕಿಸುವುದಕ್ಕೆ ಈಗ ಕಾರಣವಿಲ್ಲ. 5400 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ ಹೆಚ್ಚೆಂದರೆ 100 ಎಂಬಿ ಆಸುಪಾಸು ಓದುತ್ತದೆ, ಸಾಟಾ ಎಸ್‌ಎಸ್‌ಡಿ 550 ಎಂಬಿ ಹತ್ತಿರ. ಹಳೇ ಡಿಸ್ಕಿನ ಜಾಗಕ್ಕೆ 2.5 ಇಂಚಿನ, 7 ಮಿ.ಮೀ. ದಪ್ಪದ ಸಾಟಾ ಎಸ್‌ಎಸ್‌ಡಿ ಹಿಡಿಸುತ್ತದೆ. ಹಳೆಯದು 9.5 ಮಿ.ಮೀ. ಆಗಿದ್ದರೆ ಪ್ಲಾಸ್ಟಿಕ್ ಸ್ಪೇಸರ್ ಬೇಕಾಗಬಹುದು. ಲೋಹದ ಬ್ರಾಕೆಟ್, ಅದರ ನಾಲ್ಕು ಎಂ3 ಸ್ಕ್ರೂ ಹಳೆಯದರಿಂದಲೇ ಬಿಚ್ಚಿ ಹಾಕಬೇಕು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಹೊಸ ಡಿಸ್ಕಿನ ಜೊತೆ ಅವು ಬರುವುದಿಲ್ಲ. ಎಂ.2 ಸ್ಲಾಟ್ (ಪಟ್ಟಿಯಾಕಾರದ ಪುಟ್ಟ ಎಸ್‌ಎಸ್‌ಡಿ ಕೂರುವ ಜಾಗ) ಖಾಲಿಯಿದ್ದರೆ ಅದು ಸಾಟಾ ಮಾತ್ರ ಒಪ್ಪುತ್ತದೆಯೋ ಅದಕ್ಕಿಂತ ವೇಗದ ಎನ್‌ವಿಎಂಇ ಒಪ್ಪುತ್ತದೆಯೋ ಎಂದು ಆ ಮಾಡೆಲಿನ ಸರ್ವಿಸ್ ಮ್ಯಾನ್ಯುಅಲ್ ನೋಡಿಯೇ ಕೊಳ್ಳಿ. ಎರಡೂ ನೋಡಲು ಒಂದೇ ಥರ, ತಪ್ಪಾದದ್ದನ್ನು ಹಾಕಿದರೆ ಬಯೋಸ್‌ನಲ್ಲಿ (ವಿಂಡೋಸಿಗೂ ಮುಂಚೆ ಓಡುವ ಲ್ಯಾಪ್‌ಟಾಪಿನ ಮೂಲ ತಂತ್ರಾಂಶ) ಕಾಣಿಸುವುದೇ ಇಲ್ಲ. ಬಿಚ್ಚುವಾಗ ಚಾರ್ಜರ್ ಕಿತ್ತು, ಒಳಗಿನ ಬ್ಯಾಟರಿಯ ಕನೆಕ್ಟರ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಆಮೇಲೆ ಡಿಸ್ಕಿಗೆ ಕೈ ಹಾಕಿ.

ಕ್ಲೋನ್: ಡಿಸ್ಕ್ ಆರೋಗ್ಯವಾಗಿದ್ದರೆ ಮಾತ್ರ

ಕ್ಲೋನಿನ ಲಾಭ ದೊಡ್ಡದು. ಪ್ರೋಗ್ರಾಂ, ಪ್ರಿಂಟರ್, ಪಾಸ್‌ವರ್ಡ್, ಡೆಸ್ಕ್‌ಟಾಪಿನ ಚಿತ್ರ ಕೂಡ ಇದ್ದಲ್ಲೇ ಇರುತ್ತವೆ. ಮತ್ತೆ ಇನ್‌ಸ್ಟಾಲ್ ಮಾಡಲಾಗದ ಹಳೇ ಲೆಕ್ಕಪತ್ರದ ತಂತ್ರಾಂಶ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಆದರೆ ಸಾಯುವ ಡಿಸ್ಕನ್ನು ಕ್ಲೋನ್ ಮಾಡುವುದೆಂದರೆ ರೋಗಿಯನ್ನು ಓಟಕ್ಕೆ ಇಳಿಸಿದಂತೆ. ಬೇಕಾದ 40 ಜಿಬಿ ಫೋಟೋಗಳಿಗೆ ಮುಂಚೆ ಬೇಡದ 200 ಜಿಬಿಯನ್ನೂ ಅದು ಓದಬೇಕು. ನಡುವೆ ಹೆಡ್ ಹೋದರೆ ಎರಡೂ ಇಲ್ಲ. ಅದೃಷ್ಟದಿಂದ ಮುಗಿದರೂ ಓದಲಾಗದ ಜಾಗದಲ್ಲಿದ್ದ ಸಿಸ್ಟಂ ಫೈಲುಗಳು ಹಾಳಾದ ರೂಪದಲ್ಲೇ ಹೊಸ ಡಿಸ್ಕಿಗೆ ಬಂದಿರುತ್ತವೆ. ವಿಂಡೋಸ್ ತೆರೆಯುತ್ತದೆ, ಆದರೆ ಎರಡು ವಾರದ ಮೇಲೆ ಅಪ್‌ಡೇಟ್ ಫೇಲಾಗುತ್ತದೆ, ನೀಲಿ ಪರದೆ ಬರುತ್ತದೆ, ಕಾರಣ ಹುಡುಕುವುದು ಯಾರಿಂದಲೂ ಆಗುವುದಿಲ್ಲ. ಹೊಸ ಡಿಸ್ಕನ್ನು ಅನುಮಾನಿಸಿ ಅಂಗಡಿಗೆ ಅಲೆಯುವವರಲ್ಲಿ ಹಲವರ ಕಥೆ ಇದೇ.

ಸಿ5, ಸಿ6 ಸೊನ್ನೆ ಇದ್ದರೆ ಧೈರ್ಯವಾಗಿ ಮಾಡಿ. ಸ್ಯಾಮ್‌ಸಂಗ್, ವೆಸ್ಟರ್ನ್ ಡಿಜಿಟಲ್, ಕ್ರೂಶಿಯಲ್ ತಮ್ಮ ಡಿಸ್ಕ್ ಕೊಂಡವರಿಗೆ ಕ್ಲೋನ್ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತವೆ. 1 ಟಿಬಿ ಹಾರ್ಡ್‌ಡಿಸ್ಕಿನಿಂದ 500 ಜಿಬಿ ಎಸ್‌ಎಸ್‌ಡಿಗೆ ಇಳಿಸುವಾಗ ಇವು ಪಾರ್ಟಿಶನನ್ನು ತಾವೇ ಕುಗ್ಗಿಸಬಲ್ಲವು, ಒಳಗಿನ ಡೇಟಾ 500 ಜಿಬಿಯೊಳಗೆ ಹಿಡಿಸಿದರಾಯಿತು. ಕ್ಲೋನ್‌ಜಿಲ್ಲಾ ಯಾವ ಕಂಪನಿಯ ಡಿಸ್ಕಿಗೂ ಆಗುತ್ತದೆ, ಉಚಿತ. ಆದರೆ ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಹೆಚ್ಚು ದೊಡ್ಡದಿರಬೇಕೆಂದು ಮೊದಲಿಗೆ ಹಟ ಮಾಡುತ್ತದೆ, ಚಿಕ್ಕದಕ್ಕೆ ಇಳಿಸಲು ಪಾರ್ಟಿಶನನ್ನು ಮುಂಚೆಯೇ ಕುಗ್ಗಿಸಿ ಎಕ್ಸ್‌ಪರ್ಟ್ ಮೋಡಿಗೆ ಹೋಗಬೇಕು. ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಯನ್ನು ಹಳೇ ಲೇಖನಗಳು ಹೊಗಳುತ್ತವೆ, ಅದನ್ನು ಕಂಪನಿ 2024ರ ಆರಂಭದಲ್ಲೇ ನಿಲ್ಲಿಸಿದೆ.

ಕ್ಲೋನಿಗೆ ಮೊದಲು ಬಿಟ್‌ಲಾಕರ್ ಆಫ್ ಮಾಡಿ, ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯಿರಿ. ಸಿ ಡ್ರೈವ್ ಒಂದನ್ನೇ ಆರಿಸಿಕೊಳ್ಳಬೇಡಿ, ಬೂಟ್ ಫೈಲುಗಳಿರುವ ಇಎಫ್‌ಐ ಸೇರಿ ಎಲ್ಲ ಪಾರ್ಟಿಶನ್‌ಗಳೂ ಹೋಗಬೇಕು, ಇಲ್ಲದಿದ್ದರೆ ಬೂಟ್ ಆಗುವುದಿಲ್ಲ. ಮುಗಿದ ಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿ, ಹಳೆಯದನ್ನು ತೆಗೆದು, ಹೊಸದೊಂದನ್ನೇ ಇಟ್ಟು ಮೊದಲ ಸಲ ಆನ್ ಮಾಡಿ. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ಒಟ್ಟಿಗಿದ್ದರೆ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಕ್ಲೋನ್ ಮಾಡಿದಾಗ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ನೀಲಿ ಪರದೆ ಬರುವುದುಂಟು. ರಿಕವರಿ ಮೆನುವಿನಿಂದ ಒಂದು ಸಲ ಸೇಫ್ ಮೋಡಿನಲ್ಲಿ ತೆರೆದರೆ ಬೇಕಾದ ಡ್ರೈವರ್ ಬೂಟ್ ಪಟ್ಟಿಗೆ ಸೇರಿ, ಮುಂದಿನ ಸಲ ಬಹುತೇಕ ಸರಿಹೋಗುತ್ತದೆ.

ವಿಂಡೋಸನ್ನು ಹೊಸದಾಗಿ ಹಾಕುವುದು: ಹೆಚ್ಚಿನವರಿಗೆ ಇದೇ ಸರಿ

ಇದಕ್ಕೆ ಹೆದರಿಸುವ ಸಂಗತಿ ಒಂದೇ, 'ಲೈಸೆನ್ಸ್ ಮತ್ತೆ ಕೊಳ್ಳಬೇಕಾ?' ಬೇಡ. ವಿಂಡೋಸ್ 8ರ ಕಾಲದಿಂದ ಈಚೆಗೆ ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪುಗಳಲ್ಲಿ ಕೀ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುತ್ತದೆ. ಆಕ್ಟಿವೇಶನ್ ಕೂಡ ಮದರ್‌ಬೋರ್ಡಿಗೆ ಅಂಟಿಕೊಂಡಿದೆ, ಡಿಸ್ಕಿಗಲ್ಲ. ಮುಂಚೆ ಆಕ್ಟಿವೇಟ್ ಆಗಿದ್ದ ಅದೇ ಎಡಿಶನ್ ಹಾಕಿದರೆ ಇಂಟರ್ನೆಟ್ ಸಿಕ್ಕ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ. ನಮ್ಮಲ್ಲಿ ಮಾರುವ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು 'ಹೋಮ್ ಸಿಂಗಲ್ ಲ್ಯಾಂಗ್ವೇಜ್' ಎಡಿಶನ್ನಿನವು. ಅಂಗಡಿಯವರು ಅದರ ಮೇಲೆ ಪ್ರೊ ಹಾಕಿ, ಅದು ಆಕ್ಟಿವೇಟ್ ಆಗದೆ, ಕ್ರ್ಯಾಕ್ ಹಾಕಿಕೊಡುವುದು ನಡೆಯುತ್ತಲೇ ಇದೆ. ದುಡ್ಡು ಕೊಟ್ಟು ಕೊಂಡ ಅಸಲಿ ಲೈಸೆನ್ಸ್ ಚಿಪ್ಪಿನಲ್ಲಿರುವಾಗ, ಆಂಟಿವೈರಸ್ ಆಫ್ ಮಾಡಿಸುವ ಕ್ರ್ಯಾಕನ್ನು ಬ್ಯಾಂಕ್ ವ್ಯವಹಾರ ಮಾಡುವ ಯಂತ್ರಕ್ಕೆ ಬಿಟ್ಟುಕೊಳ್ಳುವುದು ಅನ್ಯಾಯ. 'ಇದಕ್ಕೆ ಬಂದಿದ್ದ ಎಡಿಶನ್ನನ್ನೇ ಹಾಕಿ' ಎಂದು ಕೇಳುವ ಹಕ್ಕು ನಿಮಗಿದೆ.

ಯಾವ ವಿಂಡೋಸ್? 11 ಹಾಕಲು ಟಿಪಿಎಂ 2.0 (ಸುರಕ್ಷತಾ ಚಿಪ್), 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಮತ್ತು ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಸ್ಥೂಲವಾಗಿ ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಈಚೆಗೆ, ಲ್ಯಾಪ್‌ಟಾಪುಗಳ ಎಎಂಡಿ ರೈಜನ್‌ನಲ್ಲಿ 3000 ಸರಣಿಯಿಂದ ಈಚೆಗೆ. ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಮನೆಬಳಕೆಯವರಿಗಾಗಿ ತಂದ ಇಎಸ್‌ಯು ಎಂಬ ಹೆಚ್ಚುವರಿ ಅಪ್‌ಡೇಟ್ ಯೋಜನೆಗೆ ಸೇರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಲಾಗಿದೆ. ಅರ್ಹವಲ್ಲದ ಯಂತ್ರಕ್ಕೆ ರೂಫಸ್ ತಂತ್ರಾಂಶದಿಂದ ತಪಾಸಣೆ ತಪ್ಪಿಸಿ 11 ಹಾಕಲು ಬರುತ್ತದೆ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟನ್ನು ಪ್ರತಿ ಸಲ ಕೈಯಾರೆ ಹಾಕಬೇಕಾದೀತು. ಅದನ್ನು ಮಾಡಬಲ್ಲವರಿಗೆ ಸರಿ, ಊರಿನಲ್ಲಿರುವ ಅಪ್ಪ-ಅಮ್ಮನ ಲ್ಯಾಪ್‌ಟಾಪಿಗೆ ಬೇಡ.

ಕೆಲಸ ಹೀಗೆ. ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ತೆಗೆದುಕೊಳ್ಳಿ, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಇನ್ನೊಂದು ವಿಂಡೋಸ್ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ತಾಣದ ಮೀಡಿಯಾ ಕ್ರಿಯೇಶನ್ ಟೂಲ್ ಓಡಿಸಿದರೆ ಅದೇ ಇಳಿಸಿಕೊಂಡು ಬೂಟ್ ಪೆನ್‌ಡ್ರೈವ್ ಮಾಡುತ್ತದೆ. ಹಲವು ಜಿಬಿಯ ಡೌನ್‌ಲೋಡ್ ಇದು, ಮೊಬೈಲ್ ಡೇಟಾದಲ್ಲಿ ಮಾಡುವವರು ಬಾಕಿ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ: ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಹಲವು ಮಾಡೆಲುಗಳಲ್ಲಿ ಮೊದಲು ಬಯೋಸ್‌ಗೆ ಹೋಗಿ ಆ ಮೆನುವನ್ನು ಎನೇಬಲ್ ಮಾಡಬೇಕು.

ಕೀ ಕೇಳಿದರೆ 'ನನ್ನ ಬಳಿ ಕೀ ಇಲ್ಲ' ಎಂಬುದನ್ನು ಆರಿಸಿ. ಎಲ್ಲಿ ಹಾಕಲಿ ಎಂದು ಕೇಳಿದಾಗ ಖಾಲಿ ಜಾಗವನ್ನೇ ತೋರಿಸಿ ನೆಕ್ಸ್ಟ್ ಒತ್ತಿ, ಬೇಕಾದ ಪಾರ್ಟಿಶನ್‌ಗಳನ್ನು ಅದೇ ಮಾಡಿಕೊಳ್ಳುತ್ತದೆ. ಡಿವಿಡಿ ಜಾಗದ ಕ್ಯಾಡಿಯಲ್ಲಿ ಹಳೇ ಡಿಸ್ಕ್ ಇಟ್ಟುಕೊಳ್ಳುವ ಯೋಚನೆ ಇದ್ದರೂ ಇನ್‌ಸ್ಟಾಲ್ ಮುಗಿಯುವವರೆಗೆ ಅದನ್ನು ಹೊರಗಿಡಿ. ಇಲ್ಲವಾದರೆ ಬೂಟ್ ಫೈಲುಗಳು ಹಳೇ ಡಿಸ್ಕಿನ ಇಎಫ್‌ಐ ಪಾರ್ಟಿಶನ್ನಿಗೆ ಹೋಗಿ ಕೂರುತ್ತವೆ. ಹಳೆಯದು ಸತ್ತ ದಿನ ಹೊಸದೂ ಏಳುವುದಿಲ್ಲ.

ಎಡವಟ್ಟಾಗುವ ಜಾಗಗಳು. ಡಿಸ್ಕ್ ಪಟ್ಟಿಯೇ ಖಾಲಿ ಇದ್ದರೆ ಮೊದಲು ಬಯೋಸ್‌ನಲ್ಲಿ ಕಾಣುತ್ತಿದೆಯೇ ನೋಡಿ. ಅಲ್ಲೂ ಇಲ್ಲವೆಂದರೆ ಕನೆಕ್ಟರ್ ಸರಿಯಾಗಿ ಕೂತಿಲ್ಲ. ಬಯೋಸ್‌ನಲ್ಲಿದ್ದು ಇನ್‌ಸ್ಟಾಲರಿನಲ್ಲಿ ಇಲ್ಲದಿದ್ದರೆ, ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಯಂತ್ರಗಳಲ್ಲಿ ಅದು ಬಹುಪಾಲು ವಿಎಂಡಿ (ಇಂಟೆಲ್‌ನ ಡಿಸ್ಕ್ ನಿರ್ವಹಣೆಯ ವ್ಯವಸ್ಥೆ) ಕಾಟ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಅದನ್ನು ಬಿಡಿಸಿ ಫೋಲ್ಡರ್ ರೂಪದಲ್ಲಿ ಪೆನ್‌ಡ್ರೈವಿಗೆ ಹಾಕಿ, 'ಲೋಡ್ ಡ್ರೈವರ್' ಒತ್ತಿ ತೋರಿಸಿ. 'ಈ ಡಿಸ್ಕ್ ಎಂಬಿಆರ್ (ಪಾರ್ಟಿಶನ್ ಪಟ್ಟಿಯ ಹಳೇ ಮಾದರಿ) ಮಾದರಿಯದು' ಎಂಬ ತಕರಾರು ಬಂದರೆ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ, ತೆರೆದ ಕಪ್ಪು ಪರದೆಯಲ್ಲಿ ಡಿಸ್ಕ್‌ಪಾರ್ಟ್ ಓಡಿಸಿ, ಹೊಸ ಡಿಸ್ಕನ್ನು ಸೆಲೆಕ್ಟ್ ಮಾಡಿ, ಕ್ಲೀನ್ ಮಾಡಿ, ಹೊಸ ಮಾದರಿಯಾದ ಜಿಪಿಟಿಗೆ ಕನ್ವರ್ಟ್ ಮಾಡಿ. ಕ್ಲೀನ್ ಎಂದರೆ ಕೇಳದೇ ಅಳಿಸುವುದು, ಡಿಸ್ಕ್ ಸಂಖ್ಯೆ ಸರಿಯಿದೆಯೇ ಎಂದು ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ. ನಕಲಾಗುತ್ತಿರುವಾಗ ನಡುವೆ 0ಎಕ್ಸ್80070570 ಎಂಬ ದೋಷ ಬಂದರೆ ಮೊದಲು ಪೆನ್‌ಡ್ರೈವ್ ಬದಲಿಸಿ, ಆಮೇಲೆ ಬೇರೆ ಪೋರ್ಟ್. ಆಗಲೂ ಬಂದರೆ ಮೆಮ್‌ಟೆಸ್ಟ್86 ಹಾಕಿ ರ್‍ಯಾಮ್ ಪರೀಕ್ಷಿಸಿ. ಮೊದಲ ರೀಸ್ಟಾರ್ಟಿನಲ್ಲಿ ಮತ್ತೆ ಇನ್‌ಸ್ಟಾಲರೇ ಬಂದರೆ ಪೆನ್‌ಡ್ರೈವ್ ಕಿತ್ತು ಆನ್ ಮಾಡಿ, ಅಷ್ಟೇ.

ವೈಫೈ ಡ್ರೈವರ್ ಇಲ್ಲದೆ 'ಇಂಟರ್ನೆಟ್‌ಗೆ ಸೇರಿಸಿ' ಎಂಬ ಪರದೆಯಲ್ಲೇ ಸಿಕ್ಕಿಬಿದ್ದವರಿಗೆ ಸುಲಭ ಉಪಾಯವೊಂದಿದೆ. ಆಂಡ್ರಾಯ್ಡ್ ಫೋನನ್ನು ಕೇಬಲಿನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ವಿಂಡೋಸ್ ಅದನ್ನು ನೆಟ್‌ವರ್ಕ್ ಕಾರ್ಡ್ ಎಂದೇ ಒಪ್ಪಿಕೊಳ್ಳುತ್ತದೆ. ಉಳಿದ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ತಾನೇ ತರುತ್ತದೆ.

ಲ್ಯಾಪ್‌ಟಾಪಿನ ಜೊತೆ ಬಂದಿದ್ದ ಎಂಎಸ್ ಆಫೀಸ್? ಮೊದಲ ಸಲ ಆಕ್ಟಿವೇಟ್ ಮಾಡುವಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಭದ್ರವಾಗಿರುತ್ತದೆ, ಅದೇ ಖಾತೆಯಿಂದ ಇಳಿಸಿಕೊಳ್ಳಬಹುದು. ಆ ಇಮೇಲ್ ಯಾವುದೆಂದು ನೆನಪಿಲ್ಲದವರು ಹಳೇ ಡಿಸ್ಕ್ ಓಡುತ್ತಿರುವಾಗಲೇ ವರ್ಡ್ ತೆರೆದು ಅಕೌಂಟ್ ಪುಟ ನೋಡಿಕೊಳ್ಳಿ.

ಕಂಪನಿಯ ರಿಕವರಿ

ಡೆಲ್, ಎಚ್‌ಪಿ, ಲೆನೊವೊ ತಮ್ಮ ಲ್ಯಾಪ್‌ಟಾಪುಗಳಿಗೆ ಕಾರ್ಖಾನೆಯ ಸ್ಥಿತಿಯ ವಿಂಡೋಸನ್ನು ಇಳಿಸಿಕೊಳ್ಳಲು ಕೊಡುತ್ತವೆ. ಸರ್ವಿಸ್ ಟ್ಯಾಗ್ ಅಥವಾ ಸೀರಿಯಲ್ ನಂಬರ್ ಬೇಕು, ಪೆನ್‌ಡ್ರೈವ್ 16 ಅಥವಾ 32 ಜಿಬಿಯದು. ಎಲ್ಲ ಡ್ರೈವರುಗಳೂ ಮೊದಲೇ ಇರುತ್ತವೆ ಎಂಬುದೇ ಇದರ ಗುಣ. ಫಿಂಗರ್‌ಪ್ರಿಂಟ್, ವಿಶೇಷ ಆಡಿಯೋ ಇರುವ ಮಾಡೆಲುಗಳಿಗೆ, ನಿಧಾನದ ಇಂಟರ್ನೆಟ್ ಇರುವ ಊರುಗಳಿಗೆ ಇದು ಅನುಕೂಲ, ಆದರೆ ಬೇರೆಲ್ಲಾದರೂ ಇಳಿಸಿಕೊಂಡು ಬರಬೇಕು. ದೋಷವೆಂದರೆ ವಿಂಡೋಸಿನ ಹಳೇ ಆವೃತ್ತಿ ಬಂದು, ಅದರ ಮೇಲೆ ಅಪ್‌ಡೇಟ್‌ಗಳನ್ನೆಲ್ಲ ಹಾಕಬೇಕಾಗುತ್ತದೆ, ಟ್ರಯಲ್ ಆಂಟಿವೈರಸ್‌ನಂಥ ಬೇಡದ ಸರಕೂ ಮರಳಿ ಬರುತ್ತದೆ. ಹಳೇ ಡಿಸ್ಕಿನಲ್ಲಿರುವ ರಿಕವರಿ ಪಾರ್ಟಿಶನ್ನನ್ನು ನೆಚ್ಚಿಕೊಳ್ಳಬೇಡಿ, ಅದು ಡಿಸ್ಕಿನ ಜೊತೆಯೇ ಹೋಗುವಂಥದ್ದು.

ಲಿನಕ್ಸ್: ಹಳೇ ಯಂತ್ರಕ್ಕೆ ಎರಡನೇ ಆಯುಷ್ಯ

ನಾಲ್ಕು ಜಿಬಿ ರ್‍ಯಾಮಿನ, ವಿಂಡೋಸ್ 11ಕ್ಕೆ ಅರ್ಹವಲ್ಲದ ಲ್ಯಾಪ್‌ಟಾಪಿಗೆ ಹೊಸ ಎಸ್‌ಎಸ್‌ಡಿಯ ಮೇಲೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಹಾಕಿದರೆ ಬ್ರೌಸರ್, ಯೂಟ್ಯೂಬ್, ಪತ್ರ ಬರೆಯುವುದು, ಮಕ್ಕಳ ಓದು ಎಲ್ಲಕ್ಕೂ ಸಾಕು. ಮಿಂಟ್ 22 ಮತ್ತು ಅದಕ್ಕೆ ಆಧಾರವಾದ ಉಬುಂಟು 24.04, ಎರಡಕ್ಕೂ 2029ರವರೆಗೆ ಅಪ್‌ಡೇಟ್ ಇದೆ. ಅದು ಉಚಿತವಾಗಿ, ಯಾವ ಖಾತೆಯೂ ಇಲ್ಲದೆ.

ಕನ್ನಡದ ಮಟ್ಟಿಗೆ ಚಿಂತೆ ಬೇಡ. ಕೀಬೋರ್ಡ್ ಪಟ್ಟಿಯಲ್ಲಿ 'ಕನ್ನಡ (ಕಗಪ)' ವಿನ್ಯಾಸ ಸಿದ್ಧವಾಗಿದೆ, ನುಡಿಯಲ್ಲಿ ಬೆರಳು ಪಳಗಿದವರಿಗೆ ಪರಿಚಿತವೇ. ಗುಬ್ಬಿ, ನವಿಲು ಎಂಬ ಫಾಂಟುಗಳೂ ಪ್ಯಾಕೇಜ್ ಭಂಡಾರದಲ್ಲಿವೆ. ನುಡಿಯ ಹಳೇ ಕಡತಗಳಿಗೆ ಮಾತ್ರ ಆ ಫಾಂಟುಗಳನ್ನು ತಂದು ಹಾಕಬೇಕು ಅಥವಾ ಕಡತಗಳನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಲಿನಕ್ಸ್ ಬೇಡದವರು ಯಾರೆಂಬುದೂ ಸ್ಪಷ್ಟ: ಟ್ಯಾಲಿ, ಫೋಟೋಶಾಪ್, ಪೇಜ್‌ಮೇಕರ್ ಮೇಲೆ ಬದುಕು ನಡೆಸುವವರು. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಆ ಟೋಕನ್ನಿಗೂ, ಸಹಿ ಹಾಕುವ ಸರ್ಕಾರಿ ಪೋರ್ಟಲ್ಲಿಗೂ ಲಿನಕ್ಸ್ ತಂತ್ರಾಂಶ ಇದೆಯೇ ಎಂದು ತಿಳಿದುಕೊಂಡೇ ಮುಂದುವರಿಯಬೇಕು. ಉಳಿದವರು ಇನ್‌ಸ್ಟಾಲ್ ಒತ್ತುವ ಮೊದಲು ಲೈವ್ ಪೆನ್‌ಡ್ರೈವಿನಲ್ಲೇ ಒಂದು ಗಂಟೆ ಓಡಿಸಿ, ವೈಫೈ, ಸದ್ದು, ಕ್ಯಾಮೆರಾ, ಪರದೆಯ ಬೆಳಕು ಹೆಚ್ಚುಕಡಿಮೆ ಮಾಡುವ ಕೀ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತದೆಯೇ - ಇಷ್ಟನ್ನು ನೋಡಿ. ಬ್ರಾಡ್‌ಕಾಮ್ ವೈಫೈ ಇದ್ದರೆ ಡ್ರೈವರ್ ಮ್ಯಾನೇಜರಿನಿಂದ ಪ್ರತ್ಯೇಕ ಡ್ರೈವರ್ ಹಾಕಬೇಕಾಗುತ್ತದೆ, ಅಲ್ಲಿಯೂ ಫೋನಿನ ಟೆದರಿಂಗ್ ಕೈಹಿಡಿಯುತ್ತದೆ.

ಹಳೇ ಡಿಸ್ಕನ್ನು ಏನು ಮಾಡುವುದು

ಯಾವ ದಾರಿ ಹಿಡಿದರೂ ಹಳೇ ಡಿಸ್ಕನ್ನು ಒಂದೆರಡು ತಿಂಗಳು ಹಾಗೇ ಇಡಿ, ಫಾರ್ಮ್ಯಾಟ್ ಹೊಡೆಯಬೇಡಿ. ತೆರಿಗೆ ಕಡತವೋ ಮದುವೆಯ ವಿಡಿಯೋವೋ ಮರೆತುಹೋಗಿದ್ದು ನೆನಪಾಗುವುದು ಆಮೇಲೆ. ಅದರ ಸೀರಿಯಲ್ ನಂಬರನ್ನು ತಯಾರಕರ ತಾಣದಲ್ಲಿ ಹಾಕಿ ವಾರಂಟಿ ಉಳಿದಿದೆಯೇ ನೋಡಿ. ಆದರೆ ವಾರಂಟಿಗೆ ಕೊಟ್ಟ ಡಿಸ್ಕ್ ಮರಳಿ ಬರುವುದಿಲ್ಲ, ಒಳಗಿನ ಡೇಟಾ ಸಮೇತ ಹೋಗುತ್ತದೆ ಎಂಬುದು ನೆನಪಿರಲಿ.

ಗುಜರಿಗೆ ಹಾಕುವ ಮೊದಲು ಅಳಿಸಬೇಕು. ಬಿಟ್‌ಲಾಕರ್ ಇದ್ದ ಡಿಸ್ಕಾದರೆ ಕೀ ಇಲ್ಲದವರಿಗೆ ಅದು ಓದಲು ಬಾರದ ಗೋಜಲು, ಚಿಂತೆ ಕಡಿಮೆ. ಇಲ್ಲದಿದ್ದರೆ ಇಡೀ ಡಿಸ್ಕಿನ ಮೇಲೆ ಒಂದು ಸಲ ಸೊನ್ನೆ ಬರೆಯಿರಿ. ಕೆಟ್ಟ ಡಿಸ್ಕ್ ಪೂರ್ತಿ ಬರೆಸಿಕೊಳ್ಳದೆ ನಡುವೆಯೇ ನಿಂತರೆ ತಟ್ಟೆಯನ್ನೇ ಹಾಳುಮಾಡುವುದು ಉಳಿದ ದಾರಿ. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕುಗಳಲ್ಲಿ ತಟ್ಟೆ ಹಲವು ಸಲ ಗಾಜಿನದ್ದಾಗಿರುತ್ತದೆ. ಸುತ್ತಿಗೆಯ ಒಂದೇ ಏಟಿಗೆ ಚೂರುಚೂರಾಗಿ ಸಿಡಿಯುತ್ತದೆ. ಮುಚ್ಚಳ ತೆಗೆಯದೆ, ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಹೊಡೆಯಿರಿ. ಆಮೇಲೆ ಅದನ್ನು ಮನೆಯ ಕಸದ ಬುಟ್ಟಿಗಲ್ಲ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.